ವೀತರಾಗನ ಸನ್ನಿಧಿಯಲ್ಲಿ ಹೊರಗಿನವರಾರು?

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಕೇವಲಜ್ಞಾನ ಕಲ್ಯಾಣದ ದಿನ ಮಧ್ಯಾಹ್ನದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)

   

ನಿನ್ನೆ ಇದೇ ಮಂಟಪದಲ್ಲಿ ದೀಕ್ಷಾ ಕಲ್ಯಾಣವನ್ನು ಕಂಡು ಕಣ್ತುಂಬಿಕೊಂಡಿದ್ದೇವೆ. ಇಂದು ಬೆಳಿಗ್ಗೆ ಆಹಾರದಾನದ ವಿಧಿ ನಡೆಯಿತು. ಈಗ ನಮ್ಮೆದುರಿನಲ್ಲಿ ಸಮವಸರಣದ ರಚನೆ ಸಿದ್ಧವಾಗಿದೆ. ಇಂತಹ ಹೊತ್ತಿನಲ್ಲಿ ಜಿನಭಕ್ತಿಯನ್ನು ಕುರಿತು ನಾಲ್ಕು ಮಾತುಗಳನ್ನು ಆಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಜಿನಭಕ್ತಿಯ ಮಹಿಮೆಯನ್ನು ವರ್ಣಿಸುವುದಕ್ಕೆ ನನಗಿಂತ ಬಲ್ಲವರು ಈ ವೇದಿಕೆಯ ಮೇಲಿದ್ದಾರೆ. ನಾನು ಒಂದು ಪ್ರಶ್ನೆಯನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಅದು ನನ್ನ ಪ್ರಶ್ನೆಯಲ್ಲ. ದೂರದ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಕಡೆಯ ಹುಡುಗನೊಬ್ಬ ಕೇಳಿದ್ದು.

ಅವನು ಹೇಳಿದ: "ಮಾವ, ಇಲ್ಲಿ ನನ್ನವರು ಅಂತ ಯಾರೂ ಇಲ್ಲ. ಸೂರ್ಯಾಸ್ತದ ಮೊದಲು ಉಣ್ಣಬೇಕೆಂದರೆ ನಗುತ್ತಾರೆ. ಬೇರಿನ ತರಕಾರಿ ಬೇಡವೆಂದರೆ ಏಕೆಂದು ಕೇಳುತ್ತಾರೆ, ಹೇಳಿದರೆ ಅರ್ಥವಾಗುವುದಿಲ್ಲ. ಅದೆಲ್ಲ ಇರಲಿ. ಜೊತೆಯ ಗೆಳೆಯರು ಮನಸ್ಸಿಗೆ ನೋವಾದಾಗ ಅವರವರ ದೇವರ ಬಳಿ ಹೋಗಿ ಅತ್ತು ಬರುತ್ತಾರೆ. ದೇವರು ಕೇಳಿಸಿಕೊಂಡ, ಕೈಹಿಡಿದ ಎನ್ನುತ್ತಾರೆ. ನಮ್ಮ ಭಗವಂತ ಕೇಳಿಸಿಕೊಳ್ಳುವುದೂ ಇಲ್ಲ, ಕೈಹಿಡಿಯುವುದೂ ಇಲ್ಲವೆಂದು ನೀವೇ ಪಾಠ ಹೇಳಿದ್ದೀರಿ. ಹಾಗಾದರೆ ಯಾರೂ ಇಲ್ಲದವನು ಅವನ ಮುಂದೆ ಹೋಗಿ ನಿಂತು ಏನು ಪ್ರಯೋಜನ?"

ಧರ್ಮಬಂಧುಗಳೇ, ಇದನ್ನು ಹುಡುಗುತನದ ಮಾತೆಂದು ತಳ್ಳಿಹಾಕುವಂತಿಲ್ಲ. ಕೇಳಬೇಕಾದವನು ಕೇಳಬೇಕಾದುದನ್ನೇ ಕೇಳಿದ್ದಾನೆ. ನಮ್ಮ ಆಚಾರ್ಯರು ಬೋಧಿಸಿದ ದ್ವಾದಶಾನುಪ್ರೇಕ್ಷೆಗಳನ್ನು ನೆನೆದುಕೊಳ್ಳಿ. ಅಶರಣ ಭಾವನೆ: ಈ ಸಂಸಾರದಲ್ಲಿ ಜೀವನಿಗೆ ರಕ್ಷಕರು ಯಾರೂ ಇಲ್ಲ. ಏಕತ್ವ ಭಾವನೆ: ಹುಟ್ಟುವಾಗಲೂ ಒಬ್ಬನೇ, ಸಾಯುವಾಗಲೂ ಒಬ್ಬನೇ. ಅನ್ಯತ್ವ ಭಾವನೆ: ಹೆಂಡತಿ ಮಕ್ಕಳಿರಲಿ, ಹೊತ್ತುಕೊಂಡಿರುವ ದೇಹವೂ ನಿನ್ನದಲ್ಲ. ಲೋಕದಿಂದ ಹೊರಗಾಗಿ ನೊಂದು ಬಂದವನ ಕಿವಿಯಲ್ಲಿ ಇವನ್ನೇ ಹೇಳಿದರೆ, ಉರಿಯುವ ಗಾಯಕ್ಕೆ ಉಪ್ಪು ಸವರಿದಂತಾಗದೆ? ಮೇಲಾಗಿ ನಮ್ಮ ಭಗವಂತನು ಲೋಕದ ಕರ್ತನಲ್ಲ. ಒಲಿದು ವರವನ್ನು ಕೊಡುವವನಲ್ಲ, ಮುನಿದು ಶಾಪವನ್ನು ಕೊಡುವವನೂ ಅಲ್ಲ. ರಾಗವೂ ಇಲ್ಲ, ದ್ವೇಷವೂ ಇಲ್ಲ. ಆದುದರಿಂದಲೇ ಅವನು ವೀತರಾಗ.

ಈ ಕಷ್ಟವನ್ನು ಸಮಂತಭದ್ರಾಚಾರ್ಯರು ಬಹು ಹಿಂದೆಯೇ ಎದುರಿಸಿದ್ದಾರೆ. ಸ್ವಯಂಭೂ ಸ್ತೋತ್ರದಲ್ಲಿ ವಾಸುಪೂಜ್ಯ ತೀರ್ಥಂಕರರನ್ನು ಸ್ತುತಿಸುವಾಗ ಅವರು ಈ ಭಾವವನ್ನೇ ಪ್ರಕಟಿಸುತ್ತಾರೆ. ವೀತರಾಗನಿಗೆ ನಮ್ಮ ಪೂಜೆಯಿಂದ ಆಗಬೇಕಾದುದಿಲ್ಲ, ನಿಂದೆಯಿಂದ ಕುಂದುವುದೂ ಇಲ್ಲ. ಆದರೂ ಅವನ ಪುಣ್ಯಗುಣಗಳ ಸ್ಮರಣೆ ನಮ್ಮ ಚಿತ್ತದ ಕೊಳೆಯನ್ನು ತೊಳೆಯುತ್ತದೆ ಎಂಬುದು ಅವರ ಅಭಿಪ್ರಾಯ. ಈ ಆಚಾರ್ಯರ ಜೀವನವನ್ನು ಕುರಿತು ನಮ್ಮಲ್ಲಿ ಪ್ರಚಲಿತವಾಗಿರುವ ಕಥೆಯನ್ನು ನೀವು ಬಲ್ಲಿರಿ. ಭಸ್ಮಕ ರೋಗದಿಂದ ಪೀಡಿತರಾಗಿ, ಮುನಿವೇಷವನ್ನು ಬಿಟ್ಟು, ಊರಿಂದೂರಿಗೆ ಬೇರೆ ಬೇರೆ ವೇಷಗಳಲ್ಲಿ ಅಲೆದವರು ಅವರು. ಸಂಘದಲ್ಲಿದ್ದು ಸಂಘದಿಂದ ಹೊರಗಾಗುವ ದುಃಖವೆಂತಹುದೆಂದು ಬಲ್ಲವರ ಬಾಯಿಂದಲೇ ಈ ಸ್ತುತಿ ಬಂತೆಂದು ಪರಂಪರೆ ಹೇಳುತ್ತದೆ.

ಆ ಹುಡುಗನಿಗೆ ನಾನು ಕೊಟ್ಟ ಉತ್ತರದ ತಿರುಳನ್ನೇ ಇಲ್ಲಿ ಹೇಳುತ್ತೇನೆ. ಯಾರಿಗೆ 'ನನ್ನವರು' ಎಂಬ ಮಮಕಾರವಿದೆಯೋ ಅವರಿಗೆ 'ಹೊರಗಿನವರು' ಎಂಬ ಭೇದವೂ ಇದ್ದೇ ತೀರುತ್ತದೆ. ತಂದೆಗೆ ತನ್ನ ಮಗ ಒಳಗಿನವನಾದರೆ ನೆರೆಮನೆಯ ಮಗ ಹೊರಗಿನವನು. ಅರಸನಿಗೆ ತನ್ನ ಪ್ರಜೆ ಒಳಗಿನವನಾದರೆ ಪರರಾಜ್ಯದವನು ಹೊರಗಿನವನು. ಒಲಿಯುವ ದೇವರಿಗೆ ಒಲಿದವರೂ ಇದ್ದಾರೆ, ಒಲಿಯದವರೂ ಇದ್ದಾರೆ. ನಾನು ಯಾವ ಬಗೆಯವನೋ ಎಂಬ ಅಂಜಿಕೆ ಭಕ್ತನನ್ನು ಬಿಡುವುದಿಲ್ಲ. ಜಿನೇಶ್ವರನ ಮುಂದೆ ಆ ಅಂಜಿಕೆಗೆ ಸ್ಥಾನವಿಲ್ಲ. ಅವನಿಗೆ ತನ್ನವರಿಲ್ಲ; ಆದುದರಿಂದ ಪರಕೀಯರೂ ಇಲ್ಲ. ನೆಂಟನೆಂದು ಮುಖವರಳಿಸದವನು ಅಪರಿಚಿತನೆಂದು ಮುಖ ತಿರುಗಿಸಲಾರ.

ಇದು ಅರ್ಧ ಮಾತಾಯಿತು. ತಳ್ಳುವವನಲ್ಲ ಎಂದಮಾತ್ರಕ್ಕೆ ಆಶ್ರಯ ದೊರೆತಂತಾಯಿತೆ? ಕಲ್ಲುಬಂಡೆಯೂ ಯಾರನ್ನೂ ತಳ್ಳುವುದಿಲ್ಲವಲ್ಲ! ಉಳಿದರ್ಧ ಹೀಗಿದೆ: ಜಿನಬಿಂಬದಲ್ಲಿ ನಾವು ನೋಡುವುದು ಬೇರೊಬ್ಬನನ್ನಲ್ಲ. ಕರ್ಮಮಲವು ಕಳೆದ ಮೇಲೆ ಜೀವದ್ರವ್ಯವು ಹೇಗಿರುವುದೋ ಆ ಸ್ವರೂಪವನ್ನು ನೋಡುತ್ತೇವೆ. ಅನಂತ ಜ್ಞಾನ, ಅನಂತ ದರ್ಶನ, ಅನಂತ ಸುಖ, ಅನಂತ ವೀರ್ಯಗಳು ಆ ಭಗವಂತನಲ್ಲಿ ವ್ಯಕ್ತವಾಗಿವೆ; ನಮ್ಮಲ್ಲಿ ಶಕ್ತಿರೂಪದಿಂದ ಇವೆ. ಅನ್ಯತ್ವ ಭಾವನೆಯು 'ಇದು ನಿನ್ನದಲ್ಲ, ಅದು ನಿನ್ನದಲ್ಲ' ಎಂದು ಒಂದೊಂದನ್ನೇ ಕಳಚಿ ಕೊನೆಗೆ ಕಳಚಲಾಗದ ಒಂದನ್ನು ಉಳಿಸುತ್ತದೆ. ಆ ಉಳಿದುದೇ ಇಲ್ಲಿ ಪದ್ಮಾಸನದಲ್ಲಿ ಕುಳಿತಿದೆ. ಬಾಡಿಗೆಯ ಮನೆಯಿಂದ ಹೊರಗೆ ಹಾಕುವವರು ಇರಬಹುದು, ಹುಟ್ಟಿದ ಮನೆಯಿಂದಲೂ ಹಾಕಬಹುದು. ತನ್ನ ಸ್ವಭಾವದಿಂದ ಒಬ್ಬನನ್ನು ಹೊರಹಾಕಲು ಯಾರಿಂದ ಸಾಧ್ಯ?

ಶಾಸ್ತ್ರದ ಮಾತು ಇಷ್ಟು ಸಾಕು. ಪುರಾಣಗಳತ್ತ ತಿರುಗೋಣ.

ಬೆಳಿಗ್ಗೆ ಇಲ್ಲಿ ಅಭಿನಯಿಸಿ ತೋರಿಸಿದ ಆಹಾರದಾನದ ಪ್ರಸಂಗವನ್ನು ನೋಡಿ ಮಕ್ಕಳು ಸಂತೋಷಪಟ್ಟರು. ಇಕ್ಷುರಸವನ್ನು ಎರೆದಾಗ ಎಲ್ಲರೂ ಜಯಘೋಷ ಮಾಡಿದೆವು. ಆದರೆ ಅದಕ್ಕೆ ಹಿಂದಿನ ದಿನಗಳನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಆದಿದೇವನು ದೀಕ್ಷೆಯನ್ನು ವಹಿಸಿ ಆರು ತಿಂಗಳ ಕಾಲ ಪ್ರತಿಮಾಯೋಗದಲ್ಲಿ ನಿಂತನು. ಯೋಗ ಮುಗಿದ ಮೇಲೆ ಚರಿಗೆಗೆ ಹೊರಟನು. ಆಗ ಏನಾಯಿತು? ಯಾರಿಗೂ ಅವನಿಗೆ ಏನು ಬೇಕೆಂದು ತಿಳಿಯಲಿಲ್ಲ. ಒಬ್ಬರು ರತ್ನಗಳನ್ನು ತಂದರು, ಒಬ್ಬರು ಆನೆ ಕುದುರೆಗಳನ್ನು ತಂದರು, ಕೆಲವರು ಕನ್ಯೆಯರನ್ನು ಸಿಂಗರಿಸಿ ತಂದರು. ಒಂದು ಹಿಡಿ ಅನ್ನವನ್ನು ವಿಧಿಪೂರ್ವಕವಾಗಿ ಕೊಡಬಲ್ಲವರು ಒಬ್ಬರೂ ಇರಲಿಲ್ಲ. ಕೃಷಿಯನ್ನು ಕಲಿಸಿ ಲೋಕಕ್ಕೆಲ್ಲ ಅನ್ನದ ದಾರಿಯನ್ನು ತೋರಿದವನು ಬಾಗಿಲಿಂದ ಬಾಗಿಲಿಗೆ ಹೋಗಿ, ಬಂದ ಹಾಗೆಯೇ ಹಿಂದಿರುಗಿದನು. ಮತ್ತೆ ಆರು ತಿಂಗಳಿಗೂ ಮಿಕ್ಕು ಹೀಗೆಯೇ ಕಳೆಯಿತು. ಜನರು ಪ್ರೀತಿಯಿಲ್ಲದವರಲ್ಲ, ಪ್ರೀತಿಯಿಂದಲೇ ತಂದರು. ಆದರೂ ಅವರ ನಡುವೆ ಅವನು ಪರಿಚಯವಿಲ್ಲದವನಂತೆ ಮೌನದಿಂದ ನಡೆದನು. ನಮ್ಮ ಮೊದಲ ತೀರ್ಥಂಕರನೇ ಮನೆಮನೆಯ ಬಾಗಿಲ ಹೊರಗೆ ನಿಂತವನು ಎಂಬುದನ್ನು, ತಾನು ಹೊರಗಿನವನೆಂದು ಕೊರಗುವವನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಕೊನೆಗೆ ಹಸ್ತಿನಾಪುರದಲ್ಲಿ ಸೋಮಪ್ರಭ ರಾಜನ ತಮ್ಮ ಶ್ರೇಯಾಂಸನಿಗೆ ಜಾತಿಸ್ಮರಣವಾಯಿತು. ಹಿಂದೊಂದು ಜನ್ಮದಲ್ಲಿ ಮುನಿಗಳಿಗೆ ಆಹಾರವನ್ನಿತ್ತ ನೆನಪು ಬಂತು. ಆ ನೆನಪೇ ದಾನಕ್ಕೆ ದಾರಿಯಾಯಿತು. ಅಂದು ಅಕ್ಷಯ ತೃತೀಯೆ. ಗುರುತಿಸುವುದೆಂದರೆ ನೆನಪಿಸಿಕೊಳ್ಳುವುದು ಎಂಬ ಅರ್ಥ ಈ ಕಥೆಯಲ್ಲಿದೆಯೆಂದು ನನಗೆ ಯಾವಾಗಲೂ ತೋರುತ್ತದೆ.

ಈಗ ಸಮವಸರಣವನ್ನು ನೋಡಿ. ಕಲಾವಿದರು ಬಹು ಶ್ರಮದಿಂದ ರಚಿಸಿದ್ದಾರೆ. ಗಂಧಕುಟಿಯ ಸುತ್ತಲೂ 12 ಕೋಷ್ಠಗಳು. ಗಣಧರರು ಮತ್ತು ಮುನಿಗಳು, ಆರ್ಯಿಕೆಯರು ಮತ್ತು ಶ್ರಾವಿಕೆಯರು, ನಾಲ್ಕು ನಿಕಾಯಗಳ ದೇವದೇವಿಯರು, ಮನುಷ್ಯರು. ಇವರೆಲ್ಲರ ಜೊತೆಗೆ ಹನ್ನೆರಡನೆಯ ಕೋಷ್ಠದಲ್ಲಿ ಪಶುಪಕ್ಷಿಗಳು. ಸಿಂಹದ ಪಕ್ಕದಲ್ಲಿ ಜಿಂಕೆ. ಚಕ್ರವರ್ತಿಗಾಗಿ ಬೇರೆ ಕೋಷ್ಠವಿಲ್ಲ. ಅವನು ಉಳಿದ ಮನುಷ್ಯರೊಡನೆಯೇ ಕುಳಿತುಕೊಳ್ಳಬೇಕು. ಭಗವಂತನ ಮುಖವು ನಾಲ್ಕು ದಿಕ್ಕಿಗೂ ಕಾಣುವುದರಿಂದ ಅವನ ಬೆನ್ನ ಹಿಂದೆ ಕುಳಿತೆನೆಂದು ಹೇಳುವವರು ಅಲ್ಲಿ ಯಾರೂ ಇಲ್ಲ. ದಿವ್ಯಧ್ವನಿಯನ್ನು ಅವರವರು ಅವರವರ ಭಾಷೆಯಲ್ಲಿಯೇ ತಿಳಿದುಕೊಳ್ಳುತ್ತಾರೆ; ಮಾತೇ ಬಾರದ ಪಶುವೂ ತಿಳಿದುಕೊಳ್ಳುತ್ತದೆ. ಬಸದಿಯೆಂಬುದು ಈ ಸಮವಸರಣದ ಪ್ರತಿಕೃತಿಯೆಂದು ನಾವು ಹೇಳುತ್ತೇವೆ. ಹೇಳುವುದು ಸುಲಭ. ಈ ಮಾತಿಗೆ ಮುಂದೆ ಬರುತ್ತೇನೆ.

ಮಹಾವೀರ ಸ್ವಾಮಿಗೆ ವೈಶಾಖ ಶುದ್ಧ ದಶಮಿಯಂದು ಕೇವಲಜ್ಞಾನ ಉಂಟಾಯಿತು. ಸಮವಸರಣ ನೆರೆಯಿತು, ದೇವಮಾನವರು ಕುಳಿತರು. ಆದರೆ 66 ದಿನಗಳ ಕಾಲ ದಿವ್ಯಧ್ವನಿ ಹೊರಡಲಿಲ್ಲ. ಅದನ್ನು ಗ್ರಹಿಸಿ ಲೋಕಕ್ಕೆ ತಿಳಿಸಬಲ್ಲ ಗಣಧರನಿರಲಿಲ್ಲ. ಆ ಯೋಗ್ಯತೆಯುಳ್ಳವನು ಸಭೆಯ ಒಳಗೆ ಇರಲಿಲ್ಲವೆಂಬುದನ್ನು ಗಮನಿಸಿ. ಅವನು ಹೊರಗಿದ್ದನು. ವೇದವೇದಾಂಗ ಪಾರಂಗತನಾದ ಇಂದ್ರಭೂತಿ ಗೌತಮನು ತನ್ನ ಶಿಷ್ಯಸಮೂಹದೊಡನೆ ಬೇರೆಯೇ ಲೋಕದಲ್ಲಿದ್ದನು. ಇಂದ್ರನು ವೃದ್ಧ ಬ್ರಾಹ್ಮಣನ ವೇಷದಲ್ಲಿ ಹೋಗಿ ಒಂದು ಶ್ಲೋಕದ ಅರ್ಥವನ್ನು ಕೇಳಿ, ಉತ್ತರ ತೋಚದಂತೆ ಮಾಡಿ, ವಾದಕ್ಕೆಂದು ಅವನನ್ನು ಕರೆತಂದನು. ಗೆಲ್ಲಬೇಕೆಂದು ಬಂದವನು ಮಾನಸ್ತಂಭವನ್ನು ಕಂಡೊಡನೆ ಮಾನವನ್ನು ಕಳೆದುಕೊಂಡನು. ಶ್ರಾವಣ ಕೃಷ್ಣ ಪ್ರತಿಪದೆಯಂದು ರಾಜಗೃಹದ ವಿಪುಲಾಚಲದ ಮೇಲೆ ದಿವ್ಯಧ್ವನಿ ಹೊರಟಿತು. ಆ ದಿನವನ್ನೇ ವೀರಶಾಸನ ಜಯಂತಿಯೆಂದು ಆಚರಿಸುತ್ತೇವೆ. ಹೊರಗಿನವನೊಬ್ಬನಿಗಾಗಿ ಇಡೀ ಸಭೆಯು 66 ದಿನ ಕಾದಿತು. ಅವನೇ ಪ್ರಥಮ ಗಣಧರನಾದನು. ಕಾರ್ಕಳದ ಹಿರಿಯಂಗಡಿಯ ನೇಮಿನಾಥ ಬಸದಿಯ ಮುಂದೆ ನಿಂತಿರುವ ಮಾನಸ್ತಂಭವನ್ನು ತಲೆಯೆತ್ತಿ ನೋಡಿದವರು ಅದರ ಶಿಲ್ಪವನ್ನು ಮೆಚ್ಚುತ್ತಾರೆ. ಅದು ಬಾಗಿಲ ಹೊರಗೆ ಏಕೆ ನಿಂತಿದೆಯೆಂದು ಕೇಳುವವರು ಕಡಿಮೆ.

ಆ ರಾಜಗೃಹದಲ್ಲಿಯೇ ನಡೆದ ಕಪ್ಪೆಯ ಕಥೆಯನ್ನು ಮಕ್ಕಳಿಗೂ ಹೇಳುತ್ತೇವೆ. ನಾಗದತ್ತನೆಂಬ ಸೆಟ್ಟಿ ಸತ್ತು ತನ್ನ ಮನೆಯ ಬಾವಿಯಲ್ಲಿಯೇ ಕಪ್ಪೆಯಾಗಿ ಹುಟ್ಟಿದನು. ನೀರಿಗೆ ಬಂದ ಹೆಂಡತಿಯನ್ನು ಕಂಡು ಪೂರ್ವಜನ್ಮದ ನೆನಪಾಗಿ ಅವಳತ್ತ ನೆಗೆದರೆ, ಅವಳು ಮತ್ತೆ ಮತ್ತೆ ಅಟ್ಟಿದಳು. ತನ್ನ ಮನೆ, ತನ್ನ ಬಾವಿ, ತನ್ನ ಹೆಂಡತಿ, ಆದರೂ ಹೊರಗಿನವನು! ಅವಧಿಜ್ಞಾನಿಗಳಾದ ಮುನಿಗಳಿಂದ ನಿಜ ತಿಳಿದ ಮೇಲೆ ಅವಳು ಆದರದಿಂದ ಇಟ್ಟುಕೊಂಡಳು. ಆ ಕಪ್ಪೆಯು ಮುಂದೆ ವರ್ಧಮಾನ ಸ್ವಾಮಿಯ ಪೂಜೆಗೆಂದು ಹೂವನ್ನು ಕಚ್ಚಿಕೊಂಡು ಹೊರಟು, ಶ್ರೇಣಿಕನ ಆನೆಯ ಕಾಲಿಗೆ ಸಿಕ್ಕಿ ಸತ್ತು, ಸ್ವರ್ಗದಲ್ಲಿ ದೇವನಾಯಿತು. ದಾರಿಯಲ್ಲಿಯೇ ಸತ್ತಿತು, ಸಮವಸರಣವನ್ನು ಮುಟ್ಟಲೇ ಇಲ್ಲ. ರತ್ನಕರಂಡಕ ಶ್ರಾವಕಾಚಾರದಲ್ಲಿ ಅರ್ಹಂತರ ಪೂಜೆಗೆ ದೃಷ್ಟಾಂತವನ್ನು ಕೊಡಬೇಕಾದಾಗ ಸಮಂತಭದ್ರರು ಈ ಕಪ್ಪೆಯನ್ನೇ ಆರಿಸಿಕೊಂಡರು. ಆನೆಯ ಮೇಲೆ ಕುಳಿತಿದ್ದ ಅರಸನನ್ನಲ್ಲ. ಅದೇ ಗ್ರಂಥದಲ್ಲಿ ಸಮ್ಯಗ್ದರ್ಶನವುಳ್ಳವನು ಚಂಡಾಲನ ಮಗನಾಗಿದ್ದರೂ ಬೂದಿ ಮುಚ್ಚಿದ ಕೆಂಡದಂತೆ ದೇವನೇ ಸರಿ ಎಂಬ ಅಭಿಪ್ರಾಯವೂ ಬರುತ್ತದೆ.

ಆದರೆ ಈ ವಿಷಯಕ್ಕೆ ಅಂಜನಾದೇವಿಯ ಕಥೆಗಿಂತ ಹತ್ತಿರದ ಕಥೆ ನಮ್ಮ ಪುರಾಣಗಳಲ್ಲಿ ಬೇರೆ ಇಲ್ಲವೆಂದು ನನ್ನ ಭಾವನೆ. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಅದು ವಿಸ್ತಾರವಾಗಿದೆ. ಕನ್ನಡದಲ್ಲಿ ಶಿಶುಮಾಯಣನು ಅದನ್ನು ಸಾಂಗತ್ಯದಲ್ಲಿ ಹಾಡಿದ್ದಾನೆ. ತಾಯಂದಿರಿಗೆ ಇದು ಹೊಸದಲ್ಲ. ಆದರೂ ಸ್ವಲ್ಪ ನಿಧಾನವಾಗಿ ನೋಡೋಣ.

ಮಹೇಂದ್ರ ರಾಜನ ಮಗಳು ಅಂಜನೆ. ಪ್ರಹ್ಲಾದ ರಾಜನ ಮಗ ಪವನಂಜಯನಿಗೆ ಅವಳನ್ನು ಕೊಡುವುದೆಂದು ನಿಶ್ಚಯವಾಯಿತು. ಮದುವೆಯ ಮುನ್ನ ಅವನು ಮರೆಯಲ್ಲಿ ನಿಂತು ಅವಳನ್ನು ನೋಡಲು ಬಂದನು. ಆಗ ಸಖಿಯೊಬ್ಬಳು ಬೇರೊಬ್ಬ ರಾಜಕುಮಾರನನ್ನು ಹೊಗಳಿ ಮಾತನಾಡುತ್ತಿದ್ದಳು, ಅಂಜನೆ ಮಾತನಾಡಲಿಲ್ಲ. ಆ ಮೌನವೇ ಅವಳ ಅಪರಾಧವಾಯಿತು. ಅವನು ಮದುವೆಯನ್ನೇನೋ ಮಾಡಿಕೊಂಡನು. ಆದರೆ 22 ವರ್ಷ ಅವಳ ಮುಖವನ್ನು ನೋಡಲಿಲ್ಲ. ಅತ್ತೆಯ ಮನೆಯಲ್ಲಿ ಅವಳು ಸೊಸೆಯೂ ಅಲ್ಲ, ಅತಿಥಿಯೂ ಅಲ್ಲ. ಯಾವ ತಪ್ಪಿಗೆಂದೂ ಯಾರೂ ಹೇಳಲಿಲ್ಲ. ಬಹಿಷ್ಕಾರಕ್ಕಿಂತಲೂ, ಕಾರಣ ತಿಳಿಯದ ಬಹಿಷ್ಕಾರವು ಕಠಿಣವಾದುದು.

ಯುದ್ಧಕ್ಕೆ ಹೋಗುವ ದಾರಿಯಲ್ಲಿ ಮಾನಸ ಸರೋವರದ ದಡದಲ್ಲಿ, ಇನಿಯನನ್ನು ಅಗಲಿದ ಚಕ್ರವಾಕಿಯ ಗೋಳನ್ನು ಕಂಡು ಪವನಂಜಯನ ಮನಸ್ಸು ಕರಗಿತು. ರಾತ್ರಿ ಗುಪ್ತವಾಗಿ ಹಿಂದಿರುಗಿ ಅವಳೊಡನಿದ್ದು, ಯಾರಿಗೂ ತಿಳಿಯದಂತೆ ಹೊರಟುಹೋದನು. ಅವಳು ಗರ್ಭಿಣಿಯಾದಳು. ಅತ್ತೆ ಕೇತುಮತಿ ನಂಬಲಿಲ್ಲ, ಹೊರಗೆ ಅಟ್ಟಿದಳು. ತವರಿಗೆ ಬಂದರೆ ತಂದೆಯೂ ಬಾಗಿಲು ಮುಚ್ಚಿದನು. ಬಂಧುಗಳ ಮನೆಗಳ ಬಾಗಿಲುಗಳೂ ಮುಚ್ಚಿದವು. ಅವಳೊಡನೆ ಉಳಿದವಳು ಸಖಿ ವಸಂತಮಾಲೆ ಒಬ್ಬಳೇ. ಪುರಾಣವನ್ನು ಓದುವಾಗ ನಾವು ಅಂಜನೆಗಾಗಿ ಅಳುತ್ತೇವೆ, ವಸಂತಮಾಲೆಯನ್ನು ಮರೆಯುತ್ತೇವೆ. ಅವಳ ಮೇಲೆ ಯಾವ ಅಪವಾದವೂ ಇರಲಿಲ್ಲ. ಅರಮನೆಯಲ್ಲಿಯೇ ಉಳಿಯಬಹುದಾಗಿತ್ತು. ಹೊರಹಾಕಲ್ಪಟ್ಟವಳ ಜೊತೆಗೆ ತಾನಾಗಿ ಹೊರಬಂದವಳು ಅವಳು.

ಇಬ್ಬರೂ ಕಾಡಿನಲ್ಲಿ ಅಲೆದು ಒಂದು ಗುಹೆಗೆ ಬಂದರು. ಅಲ್ಲಿ ಅಮಿತಗತಿ ಎಂಬ ಚಾರಣಮುನಿಗಳು ಧ್ಯಾನದಲ್ಲಿದ್ದರು. ಗಂಡ, ಅತ್ತೆ, ತಂದೆ ಯಾರೂ ಕೇಳದ ಮಾತನ್ನು ಅವಳು ಅವರ ಮುಂದೆ ಕೇಳಿದಳು: ನನಗೆ ಹೀಗೇಕಾಯಿತು? ಮುನಿಗಳು ಅವಳ ಪೂರ್ವಭವವನ್ನು ಹೇಳಿದರು. ಆಗ ಅವಳು ಕನಕೋದರಿ ಎಂಬ ಪಟ್ಟದ ರಾಣಿ. ಸವತಿಯು ಭಕ್ತಿಯಿಂದ ಪೂಜಿಸುತ್ತಿದ್ದ ಜಿನಪ್ರತಿಮೆಯನ್ನು ಮತ್ಸರದಿಂದ ಮನೆಯ ಹೊರಗೆ ಹಾಕಿಸಿದಳು. ಭಿಕ್ಷೆಗೆ ಬಂದ ಸಂಯಮಶ್ರೀ ಎಂಬ ಆರ್ಯಿಕೆಯು ಅದನ್ನು ಕಂಡು ನೊಂದು ತಿಳಿಹೇಳಿದಳು. ಕನಕೋದರಿ ನಾಚಿ, ಪ್ರತಿಮೆಯನ್ನು ಮತ್ತೆ ಒಳಗಿರಿಸಿ ಪೂಜಿಸಿದಳು. ಆದರೂ ಕಟ್ಟಿದ ಕರ್ಮ ಉದಯಕ್ಕೆ ಬರದೆ ಬಿಡಲಿಲ್ಲ. ದೇವನನ್ನು ಹೊರಗೆ ಹಾಕಿದವಳು ತಾನೇ ಹೊರಗಾದಳು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಈ ಕಥೆಯನ್ನು ಹಿಡಿದುಕೊಂಡು, ಕಷ್ಟದಲ್ಲಿರುವವರನ್ನು ಕಂಡು 'ಅವರ ಕರ್ಮ' ಎಂದು ಕೈತೊಳೆದುಕೊಳ್ಳುವವರು ನಮ್ಮಲ್ಲಿದ್ದಾರೆ. ಅದು ಅಮಿತಗತಿ ಮುನಿಗಳ ಮಾತಲ್ಲ, ಕೇತುಮತಿಯ ಮಾತು. ಅಂಜನೆಯ ಕರ್ಮವು ಉದಯಕ್ಕೆ ಬಂದಿತೆಂಬುದರಿಂದ ಕೇತುಮತಿಯ ಕ್ರೌರ್ಯವು ನಿರ್ದೋಷವಾಗುವುದಿಲ್ಲ. ಅವಳು ಅಂದು ತನಗಾಗಿ ಹೊಸ ಕರ್ಮವನ್ನೇ ಕಟ್ಟಿಕೊಂಡಳು. ಮುನಿಗಳು ಆ ಪೂರ್ವಭವವನ್ನು ಹೇಳಿದ್ದು ಅಂಜನೆಗೆ, ಅವಳು ಕೇಳಿದ ಮೇಲೆ, ಅವಳ ಸಮಾಧಾನಕ್ಕಾಗಿ. ಈ ದುಃಖಕ್ಕೆ ಆದಿಯಿದೆ, ಆದುದರಿಂದ ಅಂತ್ಯವೂ ಇದೆ ಎಂದು ತಿಳಿಸಿದರು. ಮುಂದೆ ಪರಾಕ್ರಮಿಯಾದ ಮಗನು ಹುಟ್ಟುವನೆಂದೂ, ಪತಿಯ ಸಮಾಗಮವಾಗುವುದೆಂದೂ ಅಭಯವನ್ನಿತ್ತರು.

ಆ ಮೇಲೆ ಅವಳು ಮಾಡಿದ್ದೇನು? ಮುಚ್ಚಿದ ಬಾಗಿಲುಗಳನ್ನು ಮತ್ತೆ ತಟ್ಟಲು ಹೋಗಲಿಲ್ಲ. ಆ ಗುಹೆಯಲ್ಲಿಯೇ ಮುನಿಸುವ್ರತ ಜಿನೇಶ್ವರನ ಪ್ರತಿಮೆಯನ್ನಿರಿಸಿ, ಕಾಡಿನ ಹೂಗಳಿಂದ ಸಖಿಯೊಡನೆ ಪೂಜಿಸುತ್ತಾ ದಿನಗಳನ್ನು ಕಳೆದಳು. ಒಂದು ಜನ್ಮದಲ್ಲಿ ಅರಮನೆಯಿಂದ ಯಾವ ಜಿನನನ್ನು ಹೊರಗೆ ಹಾಕಿದ್ದಳೋ, ಅರಮನೆಯಿಲ್ಲದ ಜನ್ಮದಲ್ಲಿ ಅವನನ್ನು ಒಳಗೆ ಕರೆದುಕೊಂಡಳು. ಸಿಂಹವು ಗರ್ಜಿಸುವ ಆ ಕಲ್ಲುಗವಿಯು ಅವಳಿಗೆ ಅತ್ತೆಮನೆಯೂ ತವರುಮನೆಯೂ ಕೊಡದ ಆಶ್ರಯವನ್ನು ಕೊಟ್ಟಿತು. ಹನುಮಂತನು ಹುಟ್ಟಿದ್ದು ಅಲ್ಲಿ. ಅನಂತರ ಸೋದರಮಾವ ಪ್ರತಿಸೂರ್ಯನು ಬಂದು, ಗುರುತಿಸಿ, ಅವರನ್ನು ತನ್ನ ಹನೂರುಹ ದ್ವೀಪಕ್ಕೆ ಕರೆದೊಯ್ದನು. ಆದರೆ ಕ್ರಮವನ್ನು ಗಮನಿಸಿ: ನೆಂಟರು ಬಂದದ್ದು ಆಮೇಲೆ. ಜಿನಬಿಂಬವು ಅದಕ್ಕೆ ಮೊದಲು.

ಇನ್ನು ನಮ್ಮ ವಿಷಯಕ್ಕೆ ಬರೋಣ. 2011ರ ಜನಗಣತಿಯಂತೆ ಭಾರತದಲ್ಲಿ ಜೈನರ ಸಂಖ್ಯೆ ಸುಮಾರು 44.5 ಲಕ್ಷ, ಕರ್ನಾಟಕದಲ್ಲಿ ಸುಮಾರು 4.4 ಲಕ್ಷ. ಒಂದು ಕಾಲದಲ್ಲಿ ಈ ನಾಡಿನ ಅರಸರೂ ದಂಡನಾಯಕರೂ ಕವಿಗಳೂ ಯಾವ ಧರ್ಮದವರಾಗಿದ್ದರೋ ಆ ಧರ್ಮದವರು ಇಂದು ಎಲ್ಲಿ ಹೋದರೂ ಅಲ್ಪಸಂಖ್ಯಾತರು. ಹೊರಗಿನವರಾಗುವ ಅನುಭವ ನಮಗೆ ಹೊಸದಲ್ಲ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಕ್ರಿ.ಶ. 1368ರ ಶಾಸನವನ್ನು ನೋಡಿ. ಅನೇಕ ನಾಡುಗಳ ಜೈನರು ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಅವನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ಪಂಚಮಹಾವಾದ್ಯಗಳೂ ಕಲಶವೂ ಹಿಂದಿನಂತೆ ಜೈನರಿಗೆ ಸಲ್ಲತಕ್ಕವೆಂದನು. ಬೆಳಗೊಳದ ದೇವರ ಅಂಗರಕ್ಷಣೆಗೆ 20 ಮಂದಿ ಆಳುಗಳನ್ನು ನೇಮಿಸಿ, ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಯಿಸುವ ವ್ಯವಸ್ಥೆಯಾಯಿತು. ಅಂದು ಕಲಶಕ್ಕಾಗಿ ಪರರ ಬಾಗಿಲಲ್ಲಿ ನಿಂತ ಸಮಾಜ ನಮ್ಮದು.

ಅಂತಹ ಸಮಾಜದಲ್ಲಿ ಇಂದು ಕಲಶಕ್ಕಾಗಿ ಏನು ನಡೆಯುತ್ತಿದೆ? ಹಿರಿಯರು ಕ್ಷಮಿಸಬೇಕು, ಸವಾಲಿನ ಪದ್ಧತಿಯನ್ನು ನಾನು ಪೂರ್ತಿಯಾಗಿ ಖಂಡಿಸುವವನಲ್ಲ. ದಾನಿಗಳ ಔದಾರ್ಯವಿಲ್ಲದಿದ್ದರೆ ಈ ಶಿಖರ ಏಳುತ್ತಿರಲಿಲ್ಲ, ಈ ಚಪ್ಪರವೂ ಇರುತ್ತಿರಲಿಲ್ಲ. ಆದರೆ ಮೊದಲ ಕಲಶ, ಎರಡನೆಯ ಕಲಶ ಎಂದು ಮೊತ್ತ ಏರುತ್ತಾ ಹೋಗುವಾಗ, ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿ ಕುಳಿತವರನ್ನು ನಾನು ನೋಡುತ್ತೇನೆ. ಅವರ ಭಕ್ತಿಗೆ ಕೊರತೆಯಿಲ್ಲ. ಕೂಗುವುದಕ್ಕೆ ಮೊತ್ತವಿಲ್ಲ. ಅವರ ಜೊತೆಗೆ ಇನ್ನೂ ಕೆಲವರಿದ್ದಾರೆ. ಬೇರೆ ಊರಿಂದ ಹೊಸದಾಗಿ ಬಂದು ನೆಲಸಿದ ಸಂಸಾರ. ಅವರನ್ನು ನೋಡಿದೊಡನೆ ನಮ್ಮ ಮೊದಲ ಪ್ರಶ್ನೆ 'ಯಾವ ಪಂಗಡ?' ಎಂದು. ಅರ್ಘ್ಯವನ್ನು ಯಾವಾಗ ಬಿಡಬೇಕೆಂದು ತಿಳಿಯದೆ ಪಕ್ಕದವರ ಕೈಯನ್ನೇ ನೋಡುವ, ಪಟ್ಟಣದಲ್ಲಿ ಬೆಳೆದ ಹುಡುಗ ಹುಡುಗಿಯರು. ಶುಭಕಾರ್ಯಗಳಲ್ಲಿ ಮುಂದೆ ಬರಲು ಸಂಕೋಚಪಡುವಂತೆ ನಾವೇ ಮಾಡಿಟ್ಟಿರುವ, ಗಂಡನನ್ನು ಕಳೆದುಕೊಂಡ ತಾಯಂದಿರು. ಬಸದಿಯ ಹೊಸ್ತಿಲಲ್ಲಿ ನಾವು ಮೂರು ಬಾರಿ 'ನಿಸ್ಸಹಿ' ಎನ್ನುತ್ತೇವೆ. ಹೊರಗಿನ ವ್ಯಾಪಾರಗಳನ್ನು ಹೊರಗೇ ಬಿಟ್ಟು ಬಂದೆನೆಂಬುದು ಅದರ ಭಾವ. ಸಿರಿತನ, ಮನೆತನ, ಪಂಗಡಗಳೆಲ್ಲ ಆ ಹೊರಗಿನವುಗಳಲ್ಲಿ ಸೇರಿವೆಯಲ್ಲವೆ? ಅವನ್ನು ಒಳಗೆ ತಂದು, ಮನುಷ್ಯರನ್ನು ಹೊರಗೆ ನಿಲ್ಲಿಸಿದರೆ ಕನಕೋದರಿ ಮಾಡಿದ್ದಕ್ಕಿಂತ ಅದು ಹೇಗೆ ಬೇರೆ? ಸಮವಸರಣದಲ್ಲಿ ಹನ್ನೆರಡು ಕೋಷ್ಠಗಳಿದ್ದವು. ನಮ್ಮ ಬಸದಿಯಲ್ಲಿ ಎಷ್ಟನ್ನು ಉಳಿಸಿಕೊಂಡಿದ್ದೇವೆ ಎಂಬುದನ್ನು ಎಣಿಸುವುದು ಕಷ್ಟವಲ್ಲ.

ಗುಳ್ಳಕಾಯಜ್ಜಿಯನ್ನು ನೆನೆಯದೆ ಕಲಶದ ಮಾತು ಪೂರ್ಣವಾಗದು. ಚಾವುಂಡರಾಯನು ಗೊಮ್ಮಟೇಶ್ವರನಿಗೆ ಮಾಡಿಸಿದ ಮೊದಲ ಅಭಿಷೇಕದಲ್ಲಿ ಎಷ್ಟು ಹಾಲೆರೆದರೂ ಅದು ತೊಡೆಯಿಂದ ಕೆಳಗೆ ಇಳಿಯಲಿಲ್ಲವೆಂದೂ, ಒಬ್ಬ ಮುದುಕಿ ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಅಡಿಯವರೆಗೂ ಹರಿಯಿತೆಂದೂ ಐತಿಹ್ಯ. ಅವಳು ಕೂಷ್ಮಾಂಡಿನೀ ದೇವಿಯೇ ಎಂದು ನಾವು ಬೇಗನೆ ಹೇಳಿಬಿಡುತ್ತೇವೆ. ಇರಬಹುದು. ಆದರೆ ಆ ದಿನ ಬೆಟ್ಟದ ಮೇಲಿದ್ದವರಿಗೆ ಅದು ಗೊತ್ತಿರಲಿಲ್ಲ. ಅವರಿಗೆ ಕಂಡದ್ದು ಹೆಸರಿಲ್ಲದ, ಊರಿಲ್ಲದ, ಕೈಯಲ್ಲಿ ಒಂದು ಚಿಪ್ಪನ್ನು ಹಿಡಿದ ಒಬ್ಬ ಮುದುಕಿ. ದೇವಿಯೆಂದು ತಿಳಿದ ಮೇಲೆ ದಾರಿ ಬಿಡುವುದರಲ್ಲಿ ಹೆಚ್ಚಿನದೇನಿದೆ? ಅವಳ ಪ್ರತಿಮೆ ಇಂದಿಗೂ ದೊಡ್ಡಬೆಟ್ಟದಲ್ಲಿ ಪ್ರಾಕಾರದ ಬಾಗಿಲಿನ ಹೊರಗೆ, ಗೊಮ್ಮಟನಿಗೆ ಎದುರಾಗಿ ನಿಂತಿದೆ. 1981ರ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕಕ್ಕೂ 2018ರ ಮಹಾಮಸ್ತಕಾಭಿಷೇಕಕ್ಕೂ ಲಕ್ಷಾಂತರ ಜನ ಅವಳ ಮುಂದೆಯೇ ಹಾದುಹೋದರು.

ನಾಳೆ ಮೋಕ್ಷಕಲ್ಯಾಣದ ಅನಂತರ ನೂತನ ಬಿಂಬಕ್ಕೆ ಮಹಾಭಿಷೇಕ ನಡೆಯಲಿದೆ. ಸಮಿತಿಯ ಹಿರಿಯರಲ್ಲಿ ಒಂದು ಬಿನ್ನಹ. ಕಲಶಗಳಲ್ಲಿ ಒಂದನ್ನು ಸವಾಲಿಗೆ ಇಡಬೇಡಿ. ಅದು ಯಾರಿಗೆಂದು ಈ ರಾತ್ರಿಯೇ ಹೆಸರು ಬರೆದುಕೊಳ್ಳುವುದೂ ಬೇಡ. ಬೆಳಿಗ್ಗೆ ಬಾಗಿಲ ಬಳಿ, ಮುಂದೆ ಬರಲೋ ಬೇಡವೋ ಎಂದು ನಿಂತವರಲ್ಲಿ ಒಬ್ಬರನ್ನು ಕರೆದು, ಪಂಗಡವನ್ನೂ ಊರನ್ನೂ ಕೇಳದೆ, ಅವರ ಕೈಗೆ ಕೊಡಿ. ಮಡಿಬಟ್ಟೆ ಇಲ್ಲವೆಂದು ಅವರು ಹಿಂಜರಿಯಬಹುದು. ಒಂದು ಜೊತೆ ಶುದ್ಧವಸ್ತ್ರವನ್ನು ಕಾರ್ಯಾಲಯದಲ್ಲಿ ಮೊದಲೇ ತೆಗೆದಿರಿಸಿದ್ದರೆ ಅನುಕೂಲ. ಅದರ ಖರ್ಚನ್ನು ನನ್ನ ಹೆಸರಿಗೆ ಬರೆದುಕೊಳ್ಳಿ.

ಜಯ ಜಿನೇಂದ್ರ.